ಬಸಿಯ ಮೇಲಿನ ಗುಳಿಗೆ

ಸತ್ಯಮ್ಮ ನಿದ್ದೆಗಣ್ಣಲ್ಲಿ ಐರೋಲಿ ದಾಟಿ ಹೋದದ್ದು ಆ ತಿಂಗಳಲ್ಲಿ ಎರಡು ಸಲ. ಕೆಲಸಕ್ಕೆ ದಿನವೂ ಲೋಕಲ್ ರೈಲಿನಲ್ಲಿ ವಿಠ್ಠಲವಾಡಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಕಿಟಕಿಯ ಪಕ್ಕ ಕೂತರೆ ಸಾಕು, ಖಾಡಿಯ ಹಿನ್ನೀರಿನ ಮೇಲಿನ ಮಂಜು ಕಣ್ಣೊಳಗೇ ಇಳಿದಂತಾಗುತ್ತಿತ್ತು. ಎಚ್ಚರವಾದರೆ ಎರಡು ನಿಲ್ದಾಣ ಆಚೆಯ ಘಣಸೋಲಿ. ಅವಳು ಕಸ ಗುಡಿಸುವ ಆಫೀಸಿನ ಸೂಪರ್‌ವೈಸರ್ ಹೇಳಿಬಿಟ್ಟಿದ್ದ: ಇನ್ನೊಮ್ಮೆ ತಡವಾದರೆ ಕೆಲಸವಿಲ್ಲ.

"ಏಳು ಮಾರಾಯ್ತಿ, ಐರೋಲಿ ಬಂತು."

ಸತ್ಯಮ್ಮ ಬೆಚ್ಚಿ ಎದ್ದಳು. ಅವಳ ತಲೆ ಪಕ್ಕದ ಹಿರಿಯ ಹೆಂಗಸಿನ ಭುಜದ ಮೇಲಿತ್ತು. ಆಕೆ ಠಾಣೆಯಿಂದ ಅಲುಗಾಡದೆ ಕೂತಿದ್ದಳು. ಹೆಸರು ದಮಯಂತಿ, ಉಡುಪಿ ಕಡೆಯವಳು, ನಿವೃತ್ತ ನರ್ಸ್. ಮೊಮ್ಮಗುವನ್ನು ನೋಡಿಕೊಳ್ಳಲು ದಿನವೂ ಐರೋಲಿಗೆ ಬರುವವಳು; ಸತ್ಯಮ್ಮ ಅಲ್ಲೇ ಇಳಿಯುವುದನ್ನು, ಫೋನಿನಲ್ಲಿ ಕನ್ನಡ ಆಡುವುದನ್ನು ಗಮನಿಸಿದ್ದಳು.

"ರಾತ್ರಿ ನಿದ್ದೆ ಇಲ್ವಾ ನಿಂಗೆ?" ಇಳಿದ ಮೇಲೆ ಕೇಳಿದಳು.

"ಒಂಬತ್ತ ತಾಸ ಮಲಗ್ತೀನ್ರಿ ಅಕ್ಕಾ. ಥೈರಾಯ್ಡ್ ಅಂತ. ಎರಡು ತಿಂಗಳಾತು ಗುಳಿಗಿ ನುಂಗಾಕತ್ತು, ಏನೂ ಫರಕ್ ಇಲ್ಲ. ನಾಳಿಂದ ಬಂದ್ ಮಾಡ್ತೀನಿ."

"ಹಾಗೆಲ್ಲ ನಿಲ್ಲಿಸ್ಲಿಕ್ಕಿಲ್ಲ." ದಮಯಂತಿ ತನ್ನ ಕತ್ತಿನ ಬುಡ ಮುಟ್ಟಿ ತೋರಿಸಿದಳು. "ಇಲ್ಲಿ, ಶ್ವಾಸನಾಳದ ಮೇಲೆ ಚಿಟ್ಟೆ ಕೂತ ಹಾಗೆ ಥೈರಾಯ್ಡ್ ಅಂತ ಒಂದು ಗ್ರಂಥಿ ಉಂಟು. ಆಚೆಗೊಂದು ರೆಕ್ಕೆ, ಈಚೆಗೊಂದು. ನಡುವೆ ನಮ್ಮ ಐರೋಲಿ ಬ್ರಿಜ್ ಹಾಗೆ ಸಣ್ಣ ಸೇತುವೆ."

"ಚಿಟ್ಟಿ ಕೂತು ಏನ್ ಮಾಡ್ತದ್ರಿ?"

"ಉಪ್ಪಿನ ಅಯೋಡಿನ್ ಹೀರಿ ಹಾರ್ಮೋನ್ ಮಾಡ್ತದೆ. ಎದೆಬಡಿತ, ಮೈಬಿಸಿ, ಹೊಟ್ಟೆ, ಎಲ್ಲದರ ಸ್ಪೀಡ್ ಅದರ ಕೈಲಿ. ಅದು ಮಂದ ಆದ್ರೆ ನಿದ್ದೆ, ಚಳಿ, ಸುಸ್ತು. ಆಗ ಮೆದುಳಿನ ಕೆಳಗಿನ ಇನ್ನೊಂದು ಗ್ರಂಥಿ ಟಿಎಸ್‌ಎಚ್ ಅಂತ ಬೇರೆ ಹಾರ್ಮೋನ್ ಹೆಚ್ಚೆಚ್ಚು ಕಳಿಸಿ 'ಮಾಡು, ಮಾಡು' ಅಂತ ತಿವೀತದೆ."

"ನಮ್ ಸೂಪರ್‌ವೈಸರ್ ಇದ್ದಂಗ!"

ಇಬ್ಬರೂ ನಕ್ಕರು. "ಗುಳಿಗೆ ಹೇಗೆ ತಗೊಳ್ತಿ?"

ಸತ್ಯಮ್ಮನ ಮುಖ ಅರಳಿತು. "ನನ್ ಗಂಡ ಭಾಳ ಕಾಳಜಿ ಮಾಡ್ತಾನ್ರಿ. ನಸುಕಿನ್ಯಾಗ ಹಾಲಿನ ಚಹಾ ಮಾಡಿ, ಕಪ್ಪಿನ ಕೆಳಗಿನ ಬಸಿ ಮ್ಯಾಲ ಗುಳಿಗಿ ಇಟ್ಟು ಕೊಡ್ತಾನ."

"ಪ್ರೀತಿ ಸರಿ ಉಂಟು, ಚಹಾ ಸರಿ ಇಲ್ಲ," ಎಂದಳು ದಮಯಂತಿ ಮೆಲ್ಲಗೆ. "ಚಹಾ, ಹಾಲಿನ ಜೊತೆ ಆ ಗುಳಿಗೆ ಮೈಗೆ ಹತ್ತುವುದಿಲ್ಲ. ಖಾಲಿ ಹೊಟ್ಟೆಗೆ ಬರೀ ನೀರು. ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ."

ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳಲ್ಲಿ ಲೋಡಿಂಗ್ ಮಾಡುವ ಗಂಡ ಶಿವರಾಯನಿಗೆ ಸಂಜೆ ಇದು ಕೇಳಿ ಬೇಸರವಾಯಿತು. "ನಾ ಕೊಟ್ಟ ಚಹಾನೇ ಅಡ್ಡ ಬಂತೇನು? ರೈಲಿನ್ಯಾಗ ಸಿಕ್ಕಾಕಿ ಡಾಕ್ಟರೇನು?"

"ಬ್ಯಾಡ ಅಂದಿಲ್ಲ, ಆಮ್ಯಾಲ ಕೊಡು ಅಂದಾರ."

ಮರುದಿನ ಅವನು ಒಂದು ತಾಸು ಮೊದಲೇ ಎದ್ದು ನೀರಿನ ಲೋಟ ಹಿಡಿದು ನಿಂತ. "ನುಂಗು. ಮತ್ತ ಮಲ್ಕೊ." ಅರೆನಿದ್ದೆಯಲ್ಲಿ ಅವಳಿಗೆ ಕತ್ತಿನಲ್ಲಿ ರೆಕ್ಕೆಗಳು ಮೆಲ್ಲನೆ ಬಿಚ್ಚಿಕೊಂಡಂತೆ ಕನಸು. ಮತ್ತೆ ಎಬ್ಬಿಸಿದ್ದು ಶುಂಠಿ ಚಹಾದ ಘಮ.

ಗುಳಿಗೆ ಹತ್ತಲು ವಾರಗಳು ಬೇಕಾದವು. ಅಷ್ಟೂ ದಿನ ದಮಯಂತಿ ಅವಳನ್ನು ಐರೋಲಿ ಬಂದಾಗ ಎಬ್ಬಿಸಿದಳು, ಒಮ್ಮೆಯೂ ತಡವಾಗಲಿಲ್ಲ. ಎರಡು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಇಳಿದಿತ್ತು. ಚೀಟಿಯನ್ನು ಶಿವರಾಯನೇ ದೇವರ ಫೋಟೊ ಹಿಂದೆ ಸಿಕ್ಕಿಸಿದ.

ಒಂದು ಬೆಳಿಗ್ಗೆ ಖಾಡಿಯ ಮೇಲೆ ಮಂಜು ಹಾಗೇ ಇತ್ತು, ಸತ್ಯಮ್ಮ ಕಣ್ಣು ತೆರೆದೇ ಅದನ್ನು ನೋಡುತ್ತಿದ್ದಳು. ಭುಜದ ಮೇಲೆ ಏನೋ ಭಾರ. ದಮಯಂತಿ ನಿದ್ದೆಹೋಗಿದ್ದಳು. ನಿಲ್ದಾಣ ಬರುವವರೆಗೂ ಸತ್ಯಮ್ಮ ಅಲುಗಾಡಲಿಲ್ಲ.

"ಅಕ್ಕಾ, ಏಳ್ರಿ. ಐರೋಲಿ ಬಂತು."

ಅಕ್ಕಂದಿರೇ, ಅಣ್ಣಂದಿರೇ, ಕಾರಣವಿಲ್ಲದ ಸುಸ್ತು, ಚಳಿ, ಕೂದಲು ಉದುರುವುದು, ಕತ್ತಿನಲ್ಲಿ ಊತ ಕಂಡರೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಬಸುರಿಯರಂತೂ ತಡಮಾಡಬೇಡಿ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ನಿಮ್ಮ ಪಕ್ಕದಲ್ಲಿ ಯಾರಾದರೂ ದಿನವೂ ತೂಕಡಿಸುತ್ತಿದ್ದರೆ ನಗಬೇಡಿ. ಮೊದಲು ಭುಜ ಕೊಡಿ. ಎದ್ದ ಮೇಲೆ ಈ ಮಾತು ಹೇಳಿ.