ಸುತ್ತು ಕೂಡದ ಹಾದಿ

ಇನ್ನೂ ಕೇಳಿಸುತ್ತಿದೆ, ಆ ಗುರ್ರೆನ್ನುವ ಸದ್ದು, ದಿಬ್ಬದ ಆಚೆ ಮಗ್ಗುಲಲ್ಲಿ, ಈಗ ಸ್ವಲ್ಪ ಸಣ್ಣಗೆ, ಬಾಟಲಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ, ನಾಲ್ಕುಗಾಲಿ ಬೈಕಿನ ಮೇಲೆ ವರ್ಲ್ ಈಗ ಬಂಡೆಸಾಲು ದಾಟಿರಬೇಕು, ದಾಟಿದ್ದರೆ ಗೇರು ಇಳಿಸಬೇಕು, ಇಳಿಸಿದ, ಹೌದು, ಸದ್ದು ದಪ್ಪವಾಯಿತು, ಕಿವಿಗೊಟ್ಟು ನಿಂತಿದ್ದ ಮಾಯ್ಟೆ ಉಸಿರು ಬಿಟ್ಟಳು. ಆಚೆ ಮಗ್ಗುಲೆಂದರೆ ಅವಳ ಗೆರೆ, ಚಳಿಗಾಲವಿಡೀ ಕಚೇರಿಯ ಹೀಟರಿನ ಪಕ್ಕ ಕೂತು ಕಂಪ್ಯೂಟರಿನ ನಕ್ಷೆಯ ಮೇಲೆ ಎಳೆದು, ಅಳಿಸಿ, ಮತ್ತೆ ಎಳೆದ ಕೆಂಪು ಗೆರೆ, ಈ ಸರ್ಕಾರಿ ಕಾಡಿನಲ್ಲಿ ನಾಲ್ಕುಗಾಲಿ ಬೈಕುಗಳು ಎಲ್ಲಿ ಓಡಬಹುದು ಎಲ್ಲಿ ಓಡಬಾರದು ಎಂದು ಗೊತ್ತುಮಾಡುವ ಕೆಲಸ, ಹೇಳಿಕೊಳ್ಳುವುದಕ್ಕೆ ದೊಡ್ಡದು, ಮಾಡುವಾಗ ಊರಿನ ಬೈಗುಳವೆಲ್ಲ ಒಬ್ಬಳ ತಲೆಗೇ — ಬೈಕಿನವರ ಕಣ್ಣಿಗೆ ಅವಳು ಹೂವು ಹುಲ್ಲು ಅಂತ ಅಳುವವಳು, ಹೂವು ಹುಲ್ಲಿನವರ ಕಣ್ಣಿಗೆ ಪೆಟ್ರೋಲಿಗೆ ಮಾರಿಕೊಂಡವಳು. ಉತ್ತರದಲ್ಲಿ ಮರ ಸಾಗಿಸುವ ಲಾರಿಗಳ ಹಳೇ ರಸ್ತೆಗೂ ದಕ್ಷಿಣದ ರಸ್ತೆಗೂ ನಡುವೆ ಒಂದು ತುಂಡು ಹಾದಿ ಕೂಡಿಸಿದರೆ ಸುತ್ತು ಪೂರ್ತಿಯಾಗುತ್ತದೆ, ಹೊರಟಲ್ಲಿಗೇ ಬಂದು ಸೇರಬಹುದು, ಆ ತುಂಡು ಹಾಯುವುದಕ್ಕೆ ಇರುವುದು ಎರಡೇ ಜಾಗ, ಕೆಳಗೆ ಫಿಡ್ಲರ್ ಹಳ್ಳದ ಜೌಗು ಹುಲ್ಲುಗಾವಲು, ಮೇಲೆ ಈ ಬೆಟ್ಟದ ಓರೆ. ಹಳ್ಳದಲ್ಲಿ ಟ್ರೌಟ್ ಮೀನು ಮೊಟ್ಟೆಯಿಡುತ್ತದೆ, ಒಂದು ಬೇಸಿಗೆ ಗಾಲಿ ಹರಿದರೆ ಹುಲ್ಲುಗಾವಲು ಕೆಸರಿನ ಗುಂಡಿ, ಅದಕ್ಕೇ ಅವಳು ಗೆರೆಯನ್ನು ಮೇಲಕ್ಕೆ ಹತ್ತಿಸಿದ್ದು, ಇಳಿಜಾರು ನಿಯಮದ ಒಳಗೇ ಇದೆ, ಒಳಗೇ ಇದೆ, ಎಷ್ಟು ಸಲ ನೋಡಿದಳು. ಬೆಳಿಗ್ಗೆ ಹಾದಿಯ ಬಾಯಲ್ಲಿ ವರ್ಲ್ ನಕ್ಷೆಯನ್ನು ಗಾಡಿಯ ಮೂತಿಯ ಮೇಲೆ ಹರಡಿಕೊಂಡು, ಏನೇ ಇದು ಮಗಳೇ, ನಮ್ಮ ಕ್ಲಬ್ಬಿನ ಮುದುಕರನ್ನೆಲ್ಲ ಒಂದೇ ಏಟಿಗೆ ಮುಗಿಸೋ ಪ್ಲಾನಾ, ಕೆಳಗೆ ಹಾಕು ಅಂದ್ರೆ ಮೀನು ಅಂತೀಯ, ಅಂದಿದ್ದ, ಆ ಮುದುಕರಿಗೆಲ್ಲ ಅವನೇ ಅಧ್ಯಕ್ಷ, ಅವಳು ಚಿಕ್ಕವಳಿದ್ದಾಗ ಶಾಲೆಯ ಬಸ್ಸು ಓಡಿಸುತ್ತಿದ್ದವನೂ ಅವನೇ, ಹೂವು ಹುಲ್ಲಿನವರ ಪರವಾಗಿ ಬಂದಿದ್ದ ಒಟಿಲಿ ಕುದುರೆಯ ಮೇಲಿಂದಲೇ, ಮುಗಿದ್ರೆ ಮುಗೀಲಿ ಬಿಡು ವರ್ಲ್, ಬೆಟ್ಟಕ್ಕೆ ಸ್ವಲ್ಪ ನಿದ್ದೆನಾದ್ರೂ ಬರುತ್ತೆ, ಅಂದಳು, ಅದಕ್ಕವನು, ನಿನ್ನ ಕುದುರೆ ಹಾಕೋ ಲದ್ದಿ ನನ್ನ ಗಾಡಿ ಹಾಕಲ್ಲ ಕಣೇ ಮುದುಕಿ, ಅಂದ, ಮೂವರೂ ನಕ್ಕರು, ಆ ನಗುವಿನಲ್ಲೇ ಎಡವಟ್ಟಾದದ್ದು, ನಗದೇ ಇದ್ದಿದ್ದರೆ ಅವನು ಆ ಮಾತು ಆಡುತ್ತಿರಲಿಲ್ಲ — ಸರಿ ಹಾಗಾದ್ರೆ, ನಾನೇ ಹೋಗಿ ಬರ್ತೀನಿ, ನಾನು ಆಚೆ ಮುಟ್ಟಿದ್ರೆ ನಿನ್ನ ಗೆರೆ ಇರಲಿ, ಎದೆ ನಡುಗಿತು ಅಂದ್ರೆ ಕೆಳಗೆ ಹಾಕು, ಏನಂತೀಯ? ಅವಳು ಏನಂದಳು? ಆಗಲಿ ಎಂಬಂತೆ ತಲೆಯಾಡಿಸಿದಳು. ಇನ್ನೂ ತೆರೆಯದ ಹಾದಿ, ಇಲಾಖೆಯ ಅಂಗಿ ತೊಟ್ಟವಳು, ತಲೆಯಾಡಿಸಿದಳು.

ಸದ್ದು ನಿಂತಿತು. ನಿಂತಿತೋ ಗಾಳಿ ತಿರುಗಿತೋ, ಗಾಳಿ ತಿರುಗಿರಬೇಕು, ಪೈನ್ ಮರಗಳ ತುದಿ ನೋಡಿದಳು, ಅಲುಗುತ್ತಿಲ್ಲ, ಗಾಳಿಯೇ ಇಲ್ಲ, ಹಾಗಾದರೆ ಆಚೆ ಮುಟ್ಟಿ ಆಫ್ ಮಾಡಿರುತ್ತಾನೆ, ಹೆಲ್ಮೆಟ್ ತೆಗೆದು ಬಂಡೆಯ ಮೇಲಿಟ್ಟು ನೋಲಾ ಕಟ್ಟಿಕೊಟ್ಟ ಹ್ಯಾಮ್ ರೊಟ್ಟಿ ಬಿಚ್ಚಿರುತ್ತಾನೆ, ಹೆಂಡತಿ ಕಟ್ಟಿದ್ದನ್ನು ಹನ್ನೆರಡರವರೆಗೆ ಇಟ್ಟುಕೊಳ್ಳುವ ತಾಳ್ಮೆ ಅವನಿಗೆ ಯಾವತ್ತೂ ಇರಲಿಲ್ಲ, ಬಸ್ಸಿನಲ್ಲೂ ಕೈಗೆ ಬೆಣ್ಣೆ ಮೆತ್ತಿಕೊಂಡೇ ಸ್ಟೀರಿಂಗ್ ತಿರುಗಿಸುತ್ತಿದ್ದ, ಹಿಮ ಬಿದ್ದ ದಿನ ಮಕ್ಕಳೆಲ್ಲ ಕಿರುಚುತ್ತಿದ್ದರೆ, ಅರಚಿ ಅರಚಿ, ನೀವು ಅರಚಿದ್ರೆ ಬಸ್ಸಿಗೂ ಧೈರ್ಯ ಬರುತ್ತೆ, ಅನ್ನುತ್ತಿದ್ದ, ಬಸ್ಸು ಒಂದು ದಿನವೂ ಜಾರಲಿಲ್ಲ. ವಾಕಿಟಾಕಿಯ ಗುಂಡಿ ಒತ್ತಿದಳು, ವರ್ಲ್, ಕೇಳಿಸ್ತಿದೆಯಾ, ಆಚೆ ಮುಟ್ಟಿದ್ರಾ? ಚರಚರ ಸದ್ದು, ಅಷ್ಟೆ. ಬಂಡೆ ಅಡ್ಡವಿದೆ, ಬಂಡೆ ಅಡ್ಡವಿದ್ದರೆ ಸಿಗುವುದಿಲ್ಲ, ಸಿಗುವುದಿಲ್ಲವೆಂದು ಅವಳೇ ಯೋಜನೆಯಲ್ಲಿ ಬರೆದಿದ್ದಾಳೆ. ಒಟಿಲಿ ಜೀನಿನ ಪಟ್ಟಿ ಬಿಗಿಯುತ್ತಿದ್ದಾಳೆ, ಯಾಕೆ ಬಿಗಿಯುತ್ತಿದ್ದಾಳೆ, ಈಗ ತಾನೇ ಸಡಿಲಿಸಿದ್ದಳಲ್ಲ. ಮಾಯ್ಟೆಯ ಅಪ್ಪ ಇದೇ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ, ಸ್ಪೇನಿನ ಬೆಟ್ಟಸೀಮೆಯಿಂದ ಬಂದವನು, ಆ ಸೀಮೆಯ ಹುಡುಗರೆಲ್ಲ ಕುರಿಯ ಹಿಂದೆಯೇ ಇಲ್ಲಿಗೆ ಬಂದವರು, ಕುರಿಗಂಟೆ ಸದ್ದು ಮಾಡುತ್ತಿರುವಷ್ಟು ಹೊತ್ತು ಕೆಂಪು ಸಾಸೇಜು ಕೊಯ್ದುಕೊಂಡು, ಹಾಡಿಕೊಂಡು ಇರುತ್ತಿದ್ದವನು ಗಂಟೆ ನಿಂತಕೂಡಲೇ ಅಗಿಯುವುದನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದ, ಬಾಯಲ್ಲಿ ತುತ್ತು ಹಾಗೇ, ಈಗ ಮಾಯ್ಟೆಯ ಮುಖವೂ ಹಾಗೇ ಇರಬಹುದು, ಒಟಿಲಿಗೆ ಕಾಣಿಸುತ್ತಿರಬಹುದು. ಹುಡುಗಿ, ಅಂದಳು ಒಟಿಲಿ, ಎಷ್ಟು ಹೊತ್ತಾಯ್ತು? ಈಗಷ್ಟೇ ನಿಂತಿದ್ದು. ಈಗಷ್ಟೇ ಅಲ್ಲ, ಅಂದಳು ಒಟಿಲಿ. ಊಟ ಮಾಡ್ತಿರ್ತಾರೆ, ಅಂದಳು ಮಾಯ್ಟೆ, ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ವರ್ಲ್ ಗೆದ್ದಿದ್ರೆ ಹಾರ್ನ್ ಹೊಡೆಯದೇ ಇರ್ತಿದ್ನಾ, ಅಂದಳು ಒಟಿಲಿ, ಇಡೀ ಕಣಿವೆ ಎದ್ದು ಕೂರೋ ಹಾಗೆ ಹೊಡೀತಿದ್ದ, ನಾನು ಹೋಗ್ತೀನಿ, ನೀನು ಹಿಂದೆ ಬಾ, ಓಡಬೇಡ, ಅಲ್ಲಿ ಕಾಲಿಡೋ ಜಾಗ ನೋಡ್ಕೊಂಡು ಬಾ — ಕುದುರೆ ಆಗಲೇ ತಿರುಗಿತ್ತು, ಬಾಲ ಒಮ್ಮೆ ಬೀಸಿ ಮರೆಯಾಯಿತು, ಮಾಯ್ಟೆ ಓಡಿದಳು.

ಓಡುತ್ತ ಲೆಕ್ಕ ಹಾಕುತ್ತಾಳೆ, ನೆಲದ ಲೆಕ್ಕ, ಅಕ್ಟೋಬರಿನಲ್ಲಿ ನಡೆದಿದ್ದೆ, ಆಗ ಇಟ್ಟಿಗೆಯ ಹಾಗೆ ಗಟ್ಟಿಯಿತ್ತು, ಈಗ ಹಿಮ ಕರಗಿ ವಾರಗಳಾಗಿಲ್ಲ, ಹುಲ್ಲಿನ ಕೆಳಗೆ ಸಡಿಲ ಚಕ್ಕೆಗಲ್ಲು, ಮೇಲಿನಿಂದ ಹಸಿರು, ಮುದ್ದಾಗಿ, ಯಾರಿಗೂ ಅನುಮಾನ ಬಾರದ ಹಾಗೆ, ಅವಳ ಬೂಟಿನ ಹಿಮ್ಮಡಿ ಜಾರಿತು, ಕೈಯೂರಿದಳು, ಎದ್ದಳು, ಇಳಿಜಾರು ನಿಯಮದ ಒಳಗೇ ಇದೆ, ಕಂಪ್ಯೂಟರು ಆಚೆ ಈಚೆಯದನ್ನೆಲ್ಲ ಸೇರಿಸಿ ಸರಾಸರಿ ಹೇಳುತ್ತದೆ, ಮನುಷ್ಯ ಸರಾಸರಿಯ ಮೇಲೆ ಗಾಡಿ ಓಡಿಸುವುದಿಲ್ಲ, ಇಗೋ ಈ ಒಂದು ಅಡಿಯ ಮೇಲೆ ಓಡಿಸುತ್ತಾನೆ, ನೋಲಾಗೆ ಏನು ಹೇಳಲಿ, ನೋಲಾ ಫೋನ್ ಎತ್ತಿದ ಕೂಡಲೇ ಹಲೋ ಅನ್ನುವುದಿಲ್ಲ, ಊಟ ಆಯ್ತೇನೇ, ಅನ್ನುತ್ತಾಳೆ, ಊಟ ಆಯ್ತೇನೇ ಅಂದಮೇಲೆ ಅದನ್ನು ಹೇಗೆ ಹೇಳುವುದು, ಬಂಡೆಸಾಲು ಬಂತು, ದಾಟಿದಳು, ಹಸಿರಿನ ನಡುವೆ ಕಂದು ಗೀರು, ಬ್ಲೇಡಿನಲ್ಲಿ ಗೀರಿದ ಹಾಗೆ ನೇರ ಕೆಳಕ್ಕೆ, ಗಾಡಿ ತುಂಬ ಕೆಳಗೆ, ಒಂದು ಮರದ ಬುಡಕ್ಕೆ ಒರಗಿ, ಹೊಟ್ಟೆ ಮೇಲಾಗಿ, ಗಾಡಿಯ ಮೇಲೆ ಯಾರೂ ಇಲ್ಲ, ಗಾಡಿಯ ಕೆಳಗೆ, ಗಾಡಿಯ ಕೆಳಗೂ ಇಲ್ಲ, ದೇವರೇ, ಮಾಯ್ಟೆ, ಇಲ್ಲಿ, ಎಂದು ಒಟಿಲಿ ಕೂಗಿದಳು, ಇಲ್ಲಿ ಕಣೇ, ಮೇಲೇ ಇದಾನೆ. ಗೀರಿನ ನಡುವೆಯೇ ಇದ್ದ, ಅಂಗಾತ, ಒಂದು ಕಾಲು ಹೋಗಬಾರದ ಕಡೆಗೆ ಹೋಗಿತ್ತು, ಒಟಿಲಿ ಅವನ ತಲೆಯ ಕೆಳಗೆ ತೊಡೆ ಕೊಟ್ಟು ಕೂತಿದ್ದಾಳೆ, ಅವನ ಕಣ್ಣು ತೆರೆದಿದೆ, ತುಟಿ ಬಿಳಿಚಿದೆ, ಬಲಗೈ ಮಾತ್ರ ತಲೆಯಿಂದ ಮೇಲೆ, ಓರೆಗೆ ಚಾಚಿಕೊಂಡಿದೆ, ಮುಷ್ಟಿ ಬಿಗಿದಿದೆ, ಮುಷ್ಟಿಯ ತುಂಬ ಬೇರು ಸಮೇತ ಹುಲ್ಲು.

ಹೆಲಿಕಾಪ್ಟರ್ ಹೊರಟಿದೆ, ಅಂದ ಡ್ರಿಸ್ಕಲ್ ವಾಕಿಟಾಕಿಯಲ್ಲಿ, ಅವಳ ಮೇಲಧಿಕಾರಿ, ಬಂಡೆಯ ಈ ಕಡೆ ಬಂದದ್ದಕ್ಕೆ ಈಗ ದನಿ ಸ್ಪಷ್ಟವಾಗಿ ಸಿಗುತ್ತಿದೆ, ಎಚ್ಚರವಿದ್ದಾನಾ, ಇದ್ದಾರೆ, ರಕ್ತ, ಹೊರಗೆ ಜಾಸ್ತಿ ಇಲ್ಲ, ಅಲುಗಿಸಬೇಡಿ, ಅಲುಗಿಸ್ತಿಲ್ಲ. ಅವಳು ತನ್ನ ಕೋಟು ಬಿಚ್ಚಿ ಹೊದಿಸಿದಳು, ಅವನ ಎದೆ ಏರುತ್ತದೆ ಇಳಿಯುತ್ತದೆ, ಮತ್ತೆ ಏರುವ ಮುಂಚೆ ಸ್ವಲ್ಪ ತಡವಾಗುತ್ತದೆ, ತಡವಾದಾಗೆಲ್ಲ ಅವಳದೂ ನಿಲ್ಲುತ್ತದೆ. ನಾನು ಎದೆ ನಡುಗಿಸ್ಕೊಂಡು ಬೀಳಲಿಲ್ಲ ಕಣೇ, ಅಂದ ವರ್ಲ್, ನೆಲಾನೇ ಹೋಯ್ತು. ಮಾತಾಡಬೇಡಿ. ಮಾತಾಡದೆ ಇನ್ನೇನು ಕುಣೀಲಾ, ಅಂದ, ಒಟಿಲಿ ನಕ್ಕಳೋ ಅತ್ತಳೋ, ಮೂಗಿನಲ್ಲಿ ಒಂಥರಾ ಸದ್ದು ಬಂತು, ಬಾಯ್ಮುಚ್ಚೋ ಹಾಳು ಮುದುಕ, ಅಂದಳು, ಅವನ ಹಣೆಯ ಮೇಲಿನ ಮಣ್ಣನ್ನು ಒರೆಸಿದಳು. ಮಗಳೇ, ಕೇಳಿಲ್ಲಿ, ಅಂದ, ಸುತ್ತು ಕೈಬಿಡಬೇಡ. ಕೆಳಗೆ ಹಾಕು. ನಮ್ಮ ಜನಕ್ಕೆ ಹೋದ ದಾರೀಲೇ ವಾಪಸು ತಿರುಗೋದು ಆಗಲ್ಲ, ಮೊಣಕಾಲು ಹೋಗಿದೆ, ಕಣ್ಣು ಹೋಗಿದೆ, ಸಣ್ಣ ಜಾಗದಲ್ಲಿ ತಿರುಗಿಸೋವಾಗಲೇ ಬೀಳೋದು, ಸುತ್ತು ಇದ್ರೆ ನೋಲಾನೂ ಬರ್ತೀನಿ ಅಂದಿದಾಳೆ, ನಾನು ಬಿದ್ದಿದ್ದಕ್ಕಾದ್ರೂ ಬೆಲೆ ಬೇಡ್ವಾ, ಕೆಳಗೆ ಹಾಕು. ಅವಳು ಅವನ ಮುಖ ನೋಡಲಾರದೆ ಮುಷ್ಟಿ ನೋಡಿದಳು, ಬೆರಳ ಗೆಣ್ಣುಗಳು ಬಿಳಿಯಾಗಿವೆ, ಇನ್ನೂ ಹಿಡಿದೇ ಇದ್ದಾನೆ, ಕಿತ್ತು ಬಂದದ್ದನ್ನೇ ಹಿಡಿದಿದ್ದಾನೆ. ಡ್ರಿಸ್ಕಲ್ ಮತ್ತೆ, ಮಾಯ್ಟೆ, ನೋಡು, ಸಂಜೆ ಈ ಹಾದಿಯ ಸಭೆಗೆ ಇಡೀ ಊರು ಬರುತ್ತೆ, ಮೇಲಿನ ದಾರಿ ಕತೆ ಮುಗೀತು, ಹಳ್ಳದ ಕಡೆ ಹಾಕೋಣ, ಇವತ್ತು ಯಾರೂ ಬೇಡ ಅನ್ನಲ್ಲ, ಮೀನಿನೋರೂ ಬಾಯಿ ಬಿಡಲ್ಲ, ನಕ್ಷೆ ಬದಲಾಯಿಸ್ತೀನಿ, ಹೂಂ ಅನ್ನು ಸಾಕು. ಹೂಂ ಅನ್ನುವುದು ಎಷ್ಟು ಸುಲಭ, ಬೆಳಿಗ್ಗೆ ತಲೆಯಾಡಿಸಿದಷ್ಟೇ ಸುಲಭ, ಹೂಂ ಅಂದುಬಿಟ್ಟರೆ ಮಲಗಿರುವವನಿಗೂ ಸಮಾಧಾನ, ಊರಿಗೂ ಸಮಾಧಾನ, ನೋಲಾ ಎದುರು ಒಂದಾದರೂ ಒಳ್ಳೆಯ ಸುದ್ದಿ ಹೇಳಬಹುದು, ತನ್ನ ಹೆದರಿಕೆಗೂ ಒಂದು ಹೊದಿಕೆ, ಒಟಿಲಿ ಏನಾದರೂ ಅನ್ನುತ್ತಾಳೆಂದು ನೋಡಿದಳು, ಒಟಿಲಿ ಕುದುರೆಯ ಕಡೆ ಮುಖ ತಿರುಗಿಸಿಕೊಂಡಿದ್ದಾಳೆ, ವರ್ಲನ ತಲೆ ತೊಡೆಯ ಮೇಲಿಟ್ಟುಕೊಂಡು ಅವಳಾದರೂ ಏನನ್ನಬೇಕು, ಕೆಳಗೆ ಮರಗಳ ಸಂದಿಯಲ್ಲಿ ಹುಲ್ಲುಗಾವಲು ಕಾಣುತ್ತದೆ, ನೀರು ಅಲ್ಲಲ್ಲಿ ಮಿನುಗುತ್ತದೆ, ಎಲ್ಕ್ ಜಿಂಕೆಗಳು ನಿಶ್ಚಿಂತೆಯಾಗಿ ಮೇಯುತ್ತಿವೆ, ಅಲ್ಲೂ ನೆಲ ಹೀಗೇ, ಮೇಲೆ ಹಸಿರು, ಕೆಳಗೆ ಏನೂ ಇಲ್ಲ, ಅಲ್ಲಿ ಮನುಷ್ಯ ಬೀಳುವುದಿಲ್ಲ, ಹಳ್ಳವೇ ಬೀಳುತ್ತದೆ, ಸದ್ದಿಲ್ಲದೆ. ಹೆದರಿ ಹೇಳುತ್ತಿದ್ದೇನೋ, ತಿಳಿದು ಹೇಳುತ್ತಿದ್ದೇನೋ, ಗೊತ್ತಿಲ್ಲ. ಇಲ್ಲ, ಅಂದಳು ಮಾಯ್ಟೆ, ಎರಡೂ ಕಡೆ ಬೇಡ ಸರ್. ಏನು? ಹಾದಿ ದಿಬ್ಬದ ಆ ಕಡೆ ತಗ್ಗಿನವರೆಗೆ ಮಾತ್ರ, ನಾವು ಕಾಯ್ತಾ ನಿಂತಿದ್ವಲ್ಲ ಅಲ್ಲಿಗೆ ಕೊನೆ, ಗಾಡಿ ಆರಾಮಾಗಿ ತಿರುಗೋ ಹಾಗೆ ಅಲ್ಲಿ ಅಗಲ ಮಾಡೋಣ, ಸುತ್ತು ಇಲ್ಲ, ಸಭೇಲಿ ನಾನೇ ಹೇಳ್ತೀನಿ. ಹೇಳು ನೋಡೋಣ, ಅಂದ ಡ್ರಿಸ್ಕಲ್, ನಿನ್ನ ಚರ್ಮ ಸುಲೀತಾರೆ. ವರ್ಲ್ ಕಣ್ಣು ಮುಚ್ಚಿಕೊಂಡ. ನೋವಿಗೋ ಅವಳ ಮಾತಿಗೋ. ವರ್ಲ್, ಅಂದಳು, ವರ್ಲ್. ಕೇಳಿಸ್ತು ಕಣೇ, ಅಂದ, ಕಣ್ಣು ತೆರೆಯದೆ, ಕಿವಿ ಮುರಿದಿಲ್ಲ. 

ಹೆಲಿಕಾಪ್ಟರ್ ಬಂದಿತು, ಹುಲ್ಲೆಲ್ಲ ನೆಲಕ್ಕೆ ಅಂಟಿತು, ಕುದುರೆ ಹೆದರಿ ಹಗ್ಗ ಜಗ್ಗಿತು, ಇಳಿದ ನರ್ಸು ಕಾಲಿಗೆ ಪಟ್ಟಿ ಬಿಗಿದಳು, ಕತ್ತಿಗೆ ಪಟ್ಟಿ ಬಿಗಿದಳು, ಬದುಕ್ತಾರಾ, ಎಂದು ಮಾಯ್ಟೆ ಕಿವಿಯ ಹತ್ತಿರ ಕಿರುಚಿದ್ದಕ್ಕೆ, ಬದುಕ್ತಾರೆ, ಸೊಂಟ ಮುರಿದಿದೆ, ನಡೆಯೋದು ಆಮೇಲಿನ ಮಾತು, ಎಂದು ಕಿರುಚಿದಳು, ಬದುಕ್ತಾರೆ, ನರ್ಸು ಸೂಜಿ ಚುಚ್ಚುವುದಕ್ಕೆ ಬಲಗೈ ಹಿಡಿದು ಬೆರಳು ಬಿಡಿಸಲು ನೋಡಿದಳು, ಬಿಡಿ ಸರ್, ಕೈ ಬಿಡಿ, ಬೀಳಲ್ಲ ನೀವು, ನಾನಿದೀನಲ್ಲ, ಅವನು ಬಿಡಲಿಲ್ಲ, ಅವಳು ಎಡಗೈಗೆ ಚುಚ್ಚಿದಳು. ಈಗ ಆಕಾಶ ಖಾಲಿ. ಬಾ ಹುಡುಗಿ, ಕುದುರೆ ಹತ್ತು, ಅನ್ನುತ್ತಿದ್ದಾಳೆ ಒಟಿಲಿ, ಹತ್ತಬೇಕು, ಇಳಿಯಬೇಕು, ನೋಲಾಗೆ ಫೋನ್ ಮಾಡಬೇಕು, ಅವಳು ಊಟ ಆಯ್ತೇನೇ ಅನ್ನುವ ಮುಂಚೆಯೇ ಹೇಳಿಬಿಡಬೇಕು, ಬದುಕಿದ್ದಾರೆ ಅಂತ ಮೊದಲು, ಉಳಿದದ್ದು ಆಮೇಲೆ, ಸಭೆಯಲ್ಲಿ ಮುಂದಿನ ಸಾಲಿನ ಮುದುಕರು ಎದ್ದು ನಿಂತು ಕೇಳುತ್ತಾರೆ, ಅವನು ನಿನ್ನ ಗೆರೆ ಮೇಲೆ ಬಿದ್ದ, ನೀನು ಅವನ ಹಾದೀನೇ ಕಿತ್ಕೊಂಡ್ಯಾ, ಕೇಳಲಿ, ಹೌದು ಅನ್ನಬೇಕು, ನಿಂತುಕೊಂಡೇ ಅನ್ನಬೇಕು, ಮಾತು ಜೋಡಿಸಿಕೊಳ್ಳಬೇಕು, ಮೊದಲ ಮಾತು ಏನು, ಮಾನ್ಯರೇ, ಅಲ್ಲ, ಗೆಳೆಯರೇ, ಅಲ್ಲ, ಮೊದಲ ಮಾತು — ಮುಷ್ಟಿ, ಸ್ಟ್ರೆಚರಿನ ಅಂಚಿನಿಂದ ಹೊರಗೆ ನೇತಾಡುತ್ತ ಮೇಲೇರಿದ ಮುಷ್ಟಿ, ಬೆರಳ ಸಂದಿಯಿಂದ ಇಳಿಬಿದ್ದ ಬಿಳೀ ಬೇರುಗಳು, ಮೊದಲ ಮಾತು ಹೇಗೆ ಶುರುಮಾಡಲಿ, ಸಭೆಗೆ ಬಂದ ಎಲ್ಲರಿಗೂ — ಮುಷ್ಟಿ, ಬಿಳಿಚಿದ ಗೆಣ್ಣು, ಮಣ್ಣು ಉದುರುತ್ತಿದೆ, ಎಲ್ಲರಿಗೂ — ಬಿಗಿದ ಮುಷ್ಟಿ, ಹುಲ್ಲು.