ಹೆಗಲಿಗೆ ಹಗುರಾದದ್ದು

ಹೆಂಡತಿ ಶರೀಫಾಬಿ ತೀರಿಕೊಂಡ ಸುದ್ದಿ ಬಂದಾಗ ಕಾಸಿಮಸಾಬ ದುರ್ಗದಬೈಲಿನ ಓಣಿಯ ತನ್ನ ಅಂಗಡಿಯಲ್ಲಿ ಕೂತು ಹತ್ತಿ ತುಂಬಿದ ಗಾದಿಗೆ ಹೊಲಿಗೆ ಹಾಕುತ್ತಿದ್ದ. ಫೋನು ಮಾಡಿದವನು ಉಪ್ಪಿನಬೆಟಗೇರಿಯಲ್ಲಿರುವ ಅವಳ ತಮ್ಮ. ಬೆಳಗಿನ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಗೋಡೆಗೆ ಒರಗಿದಳಂತೆ, ಮತ್ತೆ ಏಳಲಿಲ್ಲವಂತೆ. ಕಾಸಿಮಸಾಬ ಸೂಜಿಯನ್ನು ಗಾದಿಯಲ್ಲೇ ಚುಚ್ಚಿಟ್ಟು ಎದ್ದ.

ಎರಡು ದಿನದ ಹಿಂದೆ ತವರಿಗೆ ಹೊರಟವಳು ಬಸ್ಸಿನ ಕಿಡಕಿಯಿಂದ ಹೇಳಿದ್ದಳು: “ನಾ ಬರೋದ್ರಾಗ ತಸ್ಲೀಮಾಗ ಲ್ಯಾಪ್‌ಟಾಪ್ ತಂದಿಡ್ರಿ. ಹಗುರನ್ನ ತರ್ರಿ. ನಿಮ್ಮ ಗಾದಿಯಂಥಾದ್ದು ತಂದ್ರ ನಾ ಮನಿಗೇ ಬರಂಗಿಲ್ಲ ನೋಡ್ರಿ.”

ನಲವತ್ತು ವರ್ಷ ಅವಳು ಗಂಡನನ್ನು ಕಾಡಿಸಿದ್ದು ಇದೇ ಮಾತಿಗೆ. ಗಿರಾಕಿಗೆ ಕಡಿಮೆ ಬೀಳಬಾರದೆಂದು ಎರಡು ಹಿಡಿ ಹತ್ತಿ ಹೆಚ್ಚೇ ತುಂಬುವುದು ಅವನ ಚಾಳಿ. ಕೈಯಲ್ಲಿ ಹಿಡಿದೇ ತೂಕ ಹೇಳಬಲ್ಲವನಿಗೆ ಅದೊಂದರಲ್ಲಿ ಮಾತ್ರ ಬುದ್ಧಿ ಬರಲಿಲ್ಲ. ಆದರೆ ಉಪ್ಪಿನಬೆಟಗೇರಿಯಲ್ಲಿ ಅವಳ ಜನಾಜಾಕ್ಕೆ ಹೆಗಲು ಕೊಟ್ಟಾಗ ಅವನಿಗೆ ಯಾವ ಭಾರವೂ ತಿಳಿಯಲಿಲ್ಲ. ಅವಳನ್ನು ತವರಿನ ಮಣ್ಣಿನಲ್ಲೇ ಮಲಗಿಸಿ ಬಂದರು. ಹೇಳಿದ ಹಾಗೆ, ಅವಳು ಮನೆಗೆ ಬರಲಿಲ್ಲ.

ನಲವತ್ತನೆಯ ದಿನದ ಫಾತೆಹಾ ಮುಗಿಯಿತು. ಸೋಮವಾರದಿಂದ ಮೊಮ್ಮಗಳು ತಸ್ಲೀಮಾಳ ಎಂ.ಎಸ್ಸಿ. ತರಗತಿಗಳು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಬಸ್ಸು, ಸೀಟು ಸಿಕ್ಕರೆ ಅದೃಷ್ಟ. ಸಣ್ಣವಳಿದ್ದಾಗ ಅಜ್ಜನ ಗಾದಿಗಳ ಒಟ್ಟಿಲ ಮೇಲಿಂದ ಬಿದ್ದು ಅವಳ ಬಲ ಹೆಗಲು ಮುರಿದಿತ್ತು. ಈಗಲೂ ಭಾರ ಹೊತ್ತರೆ ನೋಯುತ್ತಿತ್ತು. ಕಾಸಿಮಸಾಬ ನಲವತ್ತು ಸಾವಿರ ರೂಪಾಯಿ ಕಿಸೆಯಲ್ಲಿಟ್ಟುಕೊಂಡು ಅವಳನ್ನು ಏಕನಾಥನ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದ.

“ಬರ್ರಿ ಕಾಕಾ,” ಎಂದ ಏಕನಾಥ. “ನಿಮ್ಮ ಗಾದಿ ಮ್ಯಾಲೇ ಮಲಗತೇನ್ರಿ ನಾ. ಬಿಸಲಿಗೆ ಹಾಕಬೇಕಂದ್ರ ಮಾತ್ರ ನಮ್ಮನಿಯಾಕಿ ಎದುರುಮನಿಯವರನ್ನೆಲ್ಲಾ ಕರೀತಾಳ.”

“ಅಜ್ಜಿ ಕಳಿಸಿದ್ಲೇನ್ರಿ ನಿಮ್ಮನ್ನ?” ಎಂದು ತಸ್ಲೀಮಾ ನಕ್ಕಳು.

ಮೊದಲು ತೋರಿಸಿದ್ದು ಅಗಲವಾದದ್ದು. ಕಾಸಿಮಸಾಬ ಎರಡೂ ಕೈಯಲ್ಲಿ ಎತ್ತಿ ಮೆಚ್ಚಿಕೊಂಡ. “ಇದು ಗಟ್ಟಿ ಐತಿ. ಹತ್ತು ವರ್ಷ ಬಾಳತೈತಿ.”

“ಅಜ್ಜಾ, ನಾ ಇದ್ರ ಮ್ಯಾಲೆ ಮಲಗಂಗಿಲ್ಲ.”

ಎರಡನೆಯದು ಹಾಳೆಯಂತೆ ತೆಳ್ಳಗಿತ್ತು. ಬೆಲೆ ಎಂಬತ್ತೈದು ಸಾವಿರ. ಕಾಸಿಮಸಾಬ ಕೆಳಗಿಟ್ಟ. “ಹತ್ತಿ ಕಡಿಮಿ ಹಾಕಿ ರೊಕ್ಕ ಹೆಚ್ಚು ತಗೊಳ್ಳೋದೇನೋ ಏಕನಾಥಾ? ನಾ ಹಂಗ ಮಾಡಿದ್ರ ಓಣಿಯವರು ಹೊಡೀತಿದ್ರು.”

ಮೂರನೆಯದು ಮಧ್ಯಮ, ಮೂವತ್ತೊಂಬತ್ತು ಸಾವಿರ. “ಒಂದು ಕೆಜಿ ಇನ್ನೂರು ಗ್ರಾಂ ಅಷ್ಟ ರೀ.”

ಕಾಸಿಮಸಾಬ ಕಣ್ಣು ಮುಚ್ಚಿ ಅಂಗೈ ಮೇಲೆ ಇಟ್ಟುಕೊಂಡ. “ಒಂದು ನಾನೂರು.”

ಏಕನಾಥ ನಗುತ್ತ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಒಯ್ದ. ಒಂದು ಕೆಜಿ ಮುನ್ನೂರ ತೊಂಬತ್ತು. ಬರುವಾಗ ನಗು ಸ್ವಲ್ಪ ಕಡಿಮೆಯಾಗಿತ್ತು. ಮುದುಕ ಚಾರ್ಜರನ್ನೂ ಎತ್ತಿ ನೋಡಿದ. “ಇದು ಅರ್ಧ ಕೆಜಿಗೆ ಸ್ವಲ್ಪ ಕಡಿಮಿ. ಗಾದಿ ತೂಗಿ ದಿಂಬು ಬಿಟ್ಟಂಗ ಆತಲ್ಲೋ. ಹುಡುಗಿ ಎರಡೂ ಹೊರಬೇಕು.”

ಆಗ ಏಕನಾಥ ಒಳಗಿನ ಕಪಾಟಿನಿಂದ ಮತ್ತೊಂದು ತಂದ. ಹೋದ ವರ್ಷದ ಮಾದರಿ, ಮಾಸಲು ಬೂದು ಬಣ್ಣ, ಯಾರೂ ಕೇಳದೆ ಉಳಿದದ್ದು. ಅದರ ಚಾರ್ಜರು ಮೊಬೈಲಿನದರಷ್ಟೇ ಸಣ್ಣದು. ಬೆಲೆ ಮೂವತ್ತೆಂಟು ಸಾವಿರ. ತಸ್ಲೀಮಾ ತೆರೆದು, ಹತ್ತು ನಿಮಿಷ ಏನೇನೋ ಒತ್ತಿ ನೋಡಿದಳು. “ಎಂಟು ತಾಸು ಬ್ಯಾಟರಿ ಐತಿ ಅಜ್ಜಾ. ನನ್ನ ಲೆಕ್ಕದ ಕೆಲಸಕ್ಕ ಇಷ್ಟು ಸಾಕು. ತೂಕ ನೀವ ಹೇಳ್ರಿ.”

ಕಾಸಿಮಸಾಬ ಕೈಚಾಚಿದವನು ಹಿಂದೆಗೆದ. ಕೈಗೆ ಹಗುರಾದದ್ದು ಹೆಗಲಿಗೆ ಹಗುರಾಗಬೇಕೆಂದಿಲ್ಲ. ಲ್ಯಾಪ್‌ಟಾಪು, ಚಾರ್ಜರು, ಅವಳ ಎರಡು ನೋಟುಬುಕ್ಕು, ನೀರಿನ ಬಾಟಲಿ, ಎಲ್ಲವನ್ನೂ ಚೀಲಕ್ಕೆ ಹಾಕಿಸಿ, ಜನಾಜಾ ಹೊತ್ತಿದ್ದ ಅದೇ ಹೆಗಲಿಗೆ ಏರಿಸಿಕೊಂಡು ಓಣಿಯ ತುದಿಯವರೆಗೆ ನಡೆದ.

“ಕಾಕಾ ಹಂಗ ಮನಿಗೆ ಹೋಗತಾರೇನ್?” ಎಂದ ಏಕನಾಥ.

“ತಡೀರಿ, ಪರೀಕ್ಷಾ ನಡದೈತಿ,” ಎಂದಳು ತಸ್ಲೀಮಾ.

ತಿರುಗಿ ಬಂದ ಕಾಸಿಮಸಾಬ ಚೀಲವನ್ನು ಮೊಮ್ಮಗಳ ಬಲ ಹೆಗಲಿಗೇ ಹಾಕಿ ಅವಳ ಮುಖ ನೋಡಿದ. ಅವಳು ಮುಖ ಕಿವುಚಲಿಲ್ಲ.

“ಇದ ಆತು,” ಎಂದ.

ಮನೆಯಲ್ಲಿ ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ. ಶರೀಫಾಬಿ ಹೊರಗಿನಿಂದ ಬಂದಾಗ ಬುರ್ಖಾ ತೂಗುಹಾಕುತ್ತಿದ್ದ ಗೂಟ ಅದು. “ಹಗುರನ್ನ ತಂದೇನಿ ನೋಡು,” ಎಂದು ಮೆಲ್ಲಗೆ ಹೇಳಿದ. “ಇನ್ನ ಮನಿಗೆ ಬರದ ಇರಾಕ ಏನ್ ನೆಪ ಹೇಳ್ತಿ?”

ಸಂಜೆಯ ಮಗರಿಬ್ ನಮಾಜು ಮುಗಿದ ಮೇಲೆ ಅವನು ಚಾಪೆಯಿಂದ ಏಳಲಿಲ್ಲ. ಎರಡೂ ಕೈ ಎತ್ತಿದ.

“ಯಾ ಅಲ್ಲಾ, ಆಕಿ ಮ್ಯಾಲಿನ ಮಣ್ಣು ನನ್ನ ಗಾದಿಯಂಗ ಭಾರ ಆಗದಿರಲಿ. ಹಿಂಜಿದ ಹತ್ತಿಯಂಗ ಹಗುರ ಮಾಡು. ಆಕಿ ಕಬರಿನ್ಯಾಗ ಬೆಳಕಿಡು. ಆಕಿ ಜೀವಕ್ಕ ಶಾಂತಿ ಕೊಡು. ಆಮೀನ್.”