ಸುರೇಖಾ ಗೊತ್ತುಮಾಡಿದ ಹಾಯಿದೋಣಿ

ಗಂಗಾವತಿಯ ಸುರೇಖಾ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಅಂಥವಳು ಗ್ರೀಸ್ ದೇಶದ ನಡುಗಡ್ಡೆಗಳ ಸುತ್ತ ಏಳು ದಿನ ತಿರುಗಲು ಹಾಯಿದೋಣಿಯೊಂದನ್ನು ಬಾಡಿಗೆಗೆ ಗೊತ್ತುಮಾಡುತ್ತಿದ್ದಾಳೆ ಎಂದರೆ ಓಣಿಯವರು ನಗದೆ ಬಿಡುತ್ತಾರೆಯೇ? ನಗಲಿ. ನಕ್ಕವರ ಗಂಡಂದಿರ ಕಣ್ಣು ನೆಟ್ಟಗಿದ್ದವು.

ಅವಳ ಗಂಡ ಪ್ರಭುರಾಜನ ಕಣ್ಣು ಹೋಗುತ್ತಿದ್ದವು. ಹುಬ್ಬಳ್ಳಿಯ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಇದಕ್ಕೆ ಮದ್ದಿಲ್ಲ, ಒಂದೆರಡು ವರ್ಷದಲ್ಲಿ ಪೂರ್ತಿ ಕತ್ತಲೆ, ನೋಡಬೇಕಾದ್ದನ್ನು ಈಗಲೇ ನೋಡಿಬಿಡಿ ಎಂದರು.  ವಾಪಸು ಬರುವಾಗ ಹಿಟ್ನಾಳ ದಾಟಿದ ಮೇಲೆ ಅವನು, ಟೀವಿಯಲ್ಲಿ ತೋರಿಸಿದ್ದರಲ್ಲ, ಆ ನೀಲಿ ಸಮುದ್ರ, ಬಿಳಿ ಮನೆಗಳ ನಡುಗಡ್ಡೆ, ಅದನ್ನು ದೋಣಿಯಲ್ಲಿ ಕೂತು ಒಮ್ಮೆ ನೋಡಬೇಕು ಎಂದ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಸುರೇಖಾ ಟೊಂಕಕಟ್ಟಿ ನಿಂತಳು. ಕೊಪ್ಪಳದಲ್ಲಿ ಪ್ರವಾಸದ ಏಜೆಂಟನಾಗಿದ್ದ ಗವಿಸಿದ್ದೇಶನ ಜೀವ ತಿಂದಳು. ದೋಣಿ ನಡೆಸುವವನು ಜೊತೆಗೇ ಇರುತ್ತಾನೋ, ರಾತ್ರಿ ಯಾವ ದಂಡೆಗೆ ಕಟ್ಟುತ್ತಾನೋ, ಒಲೆ ಇದೆಯೋ ಇಲ್ಲವೋ, ಎಲ್ಲ ಕೇಳಿದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಂದು ಪಟ್ಟಿ ಬರೆಯತೊಡಗಿದಾಗ ಅತ್ತೆ ಕಳಕಮ್ಮ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಎಂದು ಗದರಿದಳು.

ಮೊದಲು ಪ್ರವಾಸಕ್ಕೆ ಗೊತ್ತುಮಾಡಿದ್ದು ಮೇ ತಿಂಗಳು. ಆದರೆ ಬೇಸಿಗೆ ಬೆಳೆಯ ಭತ್ತ ಅವರ ಅಕ್ಕಿ ಮಿಲ್ಲಿಗೆ ಬಂದು ಬೀಳುವುದೂ ಆಗಲೇ.

"ಸುಗ್ಗಿ ಬಿಟ್ಟು ಹ್ಯಾಂಗ ಹೋಗಾಕ ಆಗ್ತೈತಿ? ಸೆಪ್ಟೆಂಬರದಾಗ ಮಿಲ್ಲು ಖಾಲಿ ಇರ್ತೈತಿ, ಆವಾಗ ಹೋಗೂಣು," ಎಂದ ಪ್ರಭುರಾಜ.

ಆ ಊರಿನಲ್ಲಿ ಮದುವೆ ಮುಂಜಿಗಳನ್ನೂ ಭತ್ತ ನೋಡಿಕೊಂಡೇ ಇಟ್ಟುಕೊಳ್ಳುತ್ತಾರೆ. ಸುರೇಖಾ ಹೂಂ ಎಂದಳು. ಎನ್ನಬಾರದಿತ್ತು.

ಕಾಯಲು ಅವಳಿಗೆ ಧೈರ್ಯ ಬಂದದ್ದು ಮಿಲ್ಲಿನಿಂದಲೇ. ಪ್ರಭುರಾಜ ದಿನಾ ಅಲ್ಲಿಗೆ ಹೋಗುತ್ತಿದ್ದ. ರೈತರು ತಂದ ಹಿಡಿ ಭತ್ತವನ್ನು ಅಂಗೈಯಲ್ಲಿ ತಿಕ್ಕಿ, ಒಂದು ಕಾಳು ಹಲ್ಲಿನಲ್ಲಿ ಕಚ್ಚಿ, ಇನ್ನೆರಡು ದಿನ ಒಣಗಿಸಿರಿ ಎಂದು ಹೇಳಿ ಕಳಿಸುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ಅಯ್ಯೋ, ಭತ್ತ ಕೊಳ್ಳುವವನಿಗೆ ಕಣ್ಣು ಯಾಕೆ ಬೇಕು? ಅಂಗೈ ಸಾಕು, ಹಲ್ಲು ಸಾಕು. ಮಿಲ್ಲಿನವರ ಮನೆ ತುಂಬಿದ ಹೆಣ್ಣಿಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇನ್ನೂ ಕಾಣಿಸುತ್ತಿದೆ, ಸೆಪ್ಟೆಂಬರಿನ ತನಕ ನಡೆಯುತ್ತದೆ ಎಂದುಕೊಂಡಳು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಗವಿಸಿದ್ದೇಶ ನಾಲ್ಕು ದೋಣಿಗಳ ಫೋಟೋ ಕಳಿಸಿ, ಯಾವುದು ಬೇಕೆಂದು ಸಂಜೆಯೊಳಗೆ ಹೇಳಿರಿ ಎಂದ. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದ ಗಂಡನ ಪಕ್ಕಕ್ಕೆ ಬಂದು ಅವಳು ಒಂದೊಂದಾಗಿ ತೋರಿಸತೊಡಗಿದಳು. ಅವನು ಎಲ್ಲದಕ್ಕೂ ತಲೆ ಆಡಿಸಿದ. ಮೂರನೆಯದಕ್ಕೆ ಬಂದಾಗ ಚಾರ್ಜು ತೀರಿ ಫೋನು ಆರಿಹೋಯಿತು. ತಡೀರಿ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಮಾತಾಡಿದ.

"ಇದು ಭಾಳ ಛಲೋ ಐತಿ ನೋಡು. ನೀರು ಎಷ್ಟು ನೀಲಿ ಐತಿ."

ಅವನ ಮುಖ ಕಪ್ಪು ಗಾಜಿನ ಮೇಲೆ ಬಾಗಿತ್ತು.

ಒಂದೆರಡು ವರ್ಷ ಎಂದಿದ್ದರಲ್ಲ ಡಾಕ್ಟರು ಎಂದುಕೊಂಡಳು ಸುರೇಖಾ. ಮೇ ತಿಂಗಳಲ್ಲಿ ಗೋಡೆಯ ಕ್ಯಾಲೆಂಡರನ್ನು ಅವನು ತಾನೇ ಓದಿದ್ದ. ಆಗ ಹೋಗಿದ್ದರೆ ನೋಡುತ್ತಿದ್ದ. ಎಲ್ಲಾ ನೋಡುತ್ತಿದ್ದ. ಹೂಂ ಎಂದ ತನ್ನ ಬಾಯಿಗೆ ಮಣ್ಣು ಬೀಳಲಿ ಎಂದು ಶಪಿಸಿಕೊಂಡಳು. ಅಳು ಒತ್ತಿ ಬಂತು. ಅವನಿಗೆ ಕೇಳಿಸೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಸಮಾಧಾನಕ್ಕೆಂದು ತಂದುಕೊಂಡಿದ್ದ ನಗು ಅವನ ಮುಖದಲ್ಲಿ ಹಾಗೆಯೇ ಇತ್ತು.

"ಇನ್ನೊಂದು ತೋರಸು," ಎಂದ.

ಸೆರಗು ಸರಿಸಿ ಅವಳು, "ತೋರಸ್ತೀನ್ರಿ," ಎಂದಳು. ಆರಿದ ಫೋನಿನ ಮೇಲೆ ಬೆರಳು ಸರಿಸಿದಳು.